ಲ್ಯಾಪ್‌ಟಾಪಿನ ಆಯುಸ್ಸು ಯಾರ ಕೈಯಲ್ಲಿ?

ಥಿಂಕ್‌ಪ್ಯಾಡ್ ಟಿ470 ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಟಿ480 ಬಂದದ್ದು ಅದರ ಮರುವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ತಿಳಿಯಲು ಪರದೆಯ ಅಂಚಿನಲ್ಲಿರುವ ಹೆಸರನ್ನೇ ಓದಬೇಕು. ಅದೇ ಕಪ್ಪು ಮೈ, ಕೀಲಿಮಣೆಯ ನಡುವೆ ಅದೇ ಕೆಂಪು ಗುಂಡಿ, ಹಿಂಬದಿಯಲ್ಲಿ ಕೈಯಿಂದಲೇ ಕಳಚಿ ತೆಗೆಯಬಹುದಾದ ಅದೇ ಬ್ಯಾಟರಿ. ಆದರೆ 2025ರ ಅಕ್ಟೋಬರ್ 14ರಂದು ಈ ಅಕ್ಕತಂಗಿಯರ ಹಣೆಬರಹ ಬೇರೆಬೇರೆಯಾಯಿತು. ಅಂದು ಮೈಕ್ರೋಸಾಫ್ಟ್ ತನ್ನ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಹೆಚ್ಚಿನ ಟಿ480ಗಳಲ್ಲಿ ಅದು ಇದೆ. ಟಿ470ರಲ್ಲಿ ಇರುವುದು ಆರನೆಯದು ಅಥವಾ ಏಳನೆಯದು.

ಟಿ470ರ ಪರದೆ ಒಡೆದಿರಲಿಲ್ಲ, ಕೀಲಿಗಳು ಸವೆದಿರಲಿಲ್ಲ. ವಿಂಡೋಸ್ 11 ಭದ್ರತೆಗಾಗಿ ಕೇಳುವ ಟಿಪಿಎಂ 2.0 ಚಿಪ್ ಕೂಡ ಅದರಲ್ಲಿತ್ತು. ಆದರೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿ ಅದರ ಪ್ರೊಸೆಸರಿನ ಹೆಸರಿಲ್ಲ. ಇನ್ನೊಂದು ವರ್ಷದ ಭದ್ರತಾ ತಿದ್ದುಪಡಿಗಳನ್ನು ನೋಂದಾಯಿಸಿಕೊಂಡು ಪಡೆಯುವ ಅವಕಾಶ ಸಿಕ್ಕಿತು, ಅಷ್ಟೇ.

ಕಂಪ್ಯೂಟರನ್ನು ಹವ್ಯಾಸವಾಗಿ ಹಚ್ಚಿಕೊಂಡವರು ಇಲ್ಲಿ ಎರಡು ಬೀಗಗಳನ್ನು ಕಾಣುತ್ತಾರೆ. ಮೊದಲನೆಯದು ಲೋಹದ್ದು: ಅಂಟು, ಬೆಸುಗೆ, ವಿಚಿತ್ರ ತಲೆಯ ತಿರುಪು. ಎರಡನೆಯದು ತಂತ್ರಾಂಶದ್ದು: ಬೆಂಬಲ ಮುಗಿಯುವ ತಾರೀಖು. ಒಂದನ್ನಷ್ಟೇ ತೆರೆದರೆ ಸಾಲದು. ಬಿಚ್ಚಿ ರಿಪೇರಿ ಮಾಡಬಲ್ಲ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಸಿಗದಿದ್ದರೆ ಅದು ಮೂಲೆ ಸೇರುತ್ತದೆ. ಆಪರೇಟಿಂಗ್ ಸಿಸ್ಟಮ್ ಎಷ್ಟೇ ಹೊಸದಿದ್ದರೂ ಬ್ಯಾಟರಿ ಉಬ್ಬಿ, ಅದನ್ನು ಅಂಟಿನಿಂದ ಬಿಡಿಸಲಾಗದಿದ್ದರೆ ಆಗಲೂ ಗತಿ ಅದೇ. ಹಾಗಾಗಿ ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು ಎಂಬುದನ್ನೂ ಅದರಲ್ಲಿ ಯಾವ ಸಿಸ್ಟಮ್ ಹಾಕಬೇಕು ಎಂಬುದನ್ನೂ ಒಟ್ಟಿಗೇ ಕೇಳಿಕೊಳ್ಳಬೇಕು.

ಕಾಗದ ಸಿಕ್ಕಿಕೊಂಡ ಪ್ರಿಂಟರ್

ಈ ಎರಡು ಪ್ರಶ್ನೆಗಳ ನಂಟು ಹಳೆಯದು. 1980ರ ಆಸುಪಾಸು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಮತ್ತೆ ಮತ್ತೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿರುವವರ ಪರದೆಗೆ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸದಕ್ಕೂ ಹಾಗೇ ಮಾಡೋಣವೆಂದರೆ ತಂತ್ರಾಂಶದ ಮೂಲ ಆಕರ ಸಿಗಲಿಲ್ಲ. ಅದು ಇದ್ದವರು ಹಂಚಿಕೊಳ್ಳುವುದಿಲ್ಲವೆಂದು ಕರಾರಿಗೆ ಸಹಿ ಹಾಕಿದ್ದರು. 1983ರಲ್ಲಿ ಸ್ಟಾಲ್‌ಮನ್ ಘೋಷಿಸಿದ, ಎಲ್ಲರೂ ತಿದ್ದಬಲ್ಲ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆಯ ಹಿಂದೆ ಈ ಕಹಿ ಅನುಭವವೂ ಇತ್ತು. ರಿಪೇರಿ ಮಾಡಲು ಬಂದವರನ್ನು ಬಾಗಿಲಲ್ಲೇ ತಡೆದದ್ದು ಮುಕ್ತ ತಂತ್ರಾಂಶ ಚಳವಳಿಗೆ ಒಂದು ಕಾರಣವಾಯಿತು.

ಗ್ನೂ ಯೋಜನೆಗೆ ಬೇಕಾಗಿದ್ದ ತಿರುಳು ಸಿಕ್ಕಿದ್ದು ಫಿನ್‌ಲೆಂಡಿನಿಂದ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ, ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಲೋಕಕ್ಕೆ ತಿಳಿಸಿದ. ಅದೇ ಲಿನಕ್ಸ್.

ಇಲ್ಲಿ ತಿರುಳು ಎಂದರೆ ಕರ್ನೆಲ್. ಕೀಲಿ ಒತ್ತಿದಾಗ, ಕಡತ ಉಳಿಸಿದಾಗ, ವೈಫೈ ಹಚ್ಚಿದಾಗ ಯಾವ ಆ್ಯಪ್ ಕೂಡ ನೇರವಾಗಿ ಯಂತ್ರವನ್ನು ಮುಟ್ಟುವುದಿಲ್ಲ, ಕರ್ನೆಲನ್ನು ಕೇಳುತ್ತದೆ. ಒಂದೊಂದು ಬಿಡಿಭಾಗದ ಜೊತೆ ಅದರದೇ ಭಾಷೆಯಲ್ಲಿ ಮಾತಾಡಲು ಕರ್ನೆಲ್‌ಗೆ ಡ್ರೈವರ್ ಎಂಬ ದುಭಾಷಿಗಳು ಬೇಕು. ಹೊಸ ವಿಂಡೋಸ್ ಬಂದಾಗ ಹಳೆಯ ಸ್ಕ್ಯಾನರ್ ಕೆಲವೊಮ್ಮೆ ಮೂಕವಾಗುವುದು ತಯಾರಕರು ಅದಕ್ಕೆ ಹೊಸ ಡ್ರೈವರ್ ಬರೆಯದೆ ಕೈಬಿಟ್ಟದ್ದರಿಂದ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರುಗಳು ಕರ್ನೆಲ್ ಜೊತೆಗೇ ಬೆಳೆಯುತ್ತವೆ, ಆಕರ ಎಲ್ಲರಿಗೂ ತೆರೆದಿರುತ್ತದೆ. ಹತ್ತು ವರ್ಷ ಹಳೆಯ ಯಂತ್ರ ಲಿನಕ್ಸ್‌ನಲ್ಲಿ ಸಲೀಸಾಗಿ ಓಡುವುದರ ಗುಟ್ಟು ಇದು.

ಹಾಗೆಂದು ಇಲ್ಲಿ ಮುಪ್ಪೇ ಇಲ್ಲ ಎನ್ನಲಾಗದು. ಟೊರ್ವಾಲ್ಡ್ಸ್ ಮೊದಲ ಲಿನಕ್ಸ್ ಬರೆದದ್ದು ಇಂಟೆಲ್‌ನ 386 ಚಿಪ್ ಇದ್ದ ಯಂತ್ರದ ಮೇಲೆ. ಅದೇ ಚಿಪ್‌ನ ಬೆಂಬಲವನ್ನು ಲಿನಕ್ಸ್ ಕರ್ನೆಲ್‌ನಿಂದ ಕಿತ್ತದ್ದು 2012ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಇಪ್ಪತ್ತೊಂದು ವರ್ಷ ಕಳೆದಿತ್ತು.

ಯಾವುದನ್ನು ಹಾಕಿಕೊಳ್ಳುವುದು?

ಕರ್ನೆಲ್ ಒಂದೇ ಆದರೂ ಅದರ ಸುತ್ತ ಕಟ್ಟಿದ ವಿತರಣೆಗಳು ನೂರಾರು. ಹೊಸಬರನ್ನು ಗಾಬರಿಗೊಳಿಸುವುದು ಈ ಸಂತೆಯೇ. ಆಯ್ಕೆ ಸುಲಭವಾಗಬೇಕಿದ್ದರೆ ಕೇಳಿಕೊಳ್ಳಬೇಕಾದದ್ದು ಒಂದೇ: ಸಿಸ್ಟಮ್ ಎಷ್ಟು ಬೇಗ ಬದಲಾಗುತ್ತಿರಬೇಕು?

1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್ ನಿಧಾನಸ್ಥ. ಸುಮಾರು ಎರಡು ವರ್ಷಕ್ಕೊಂದು ಆವೃತ್ತಿ. ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ಮತ್ತು ದೋಷದ ತಿದ್ದುಪಡಿಗಳು. ನಿನ್ನೆ ನಡೆದದ್ದು ಇಂದೂ ನಡೆಯಬೇಕು ಎನ್ನುವವರಿಗೆ ಇದು. ಫೆಡೋರಾ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಹೊಸ ಯಂತ್ರಗಳಿಗೆ ಒಗ್ಗುತ್ತದೆ. ಆರ್ಚ್‌ಗೆ ಆವೃತ್ತಿಗಳೇ ಇಲ್ಲ, ದಿನವೂ ಹರಿಯುವ ಹೊಳೆ ಅದು. ಒಂದೊಂದೇ ಆದೇಶ ಟೈಪಿಸಿ ಅದನ್ನು ಕಟ್ಟಿಕೊಳ್ಳುವ ಹೊತ್ತಿಗೆ ಡಿಸ್ಕ್ ಹೇಗೆ ಭಾಗವಾಗುತ್ತದೆ, ಯಂತ್ರ ಹೇಗೆ ಎಚ್ಚರಗೊಳ್ಳುತ್ತದೆ ಎಂಬ ಪಾಠವೂ ಆಗಿರುತ್ತದೆ. ವಿಂಡೋಸ್‌ನಿಂದ ಬರುವವರಿಗೆ 2006ರಲ್ಲಿ ಹುಟ್ಟಿದ ಲಿನಕ್ಸ್ ಮಿಂಟ್ ತವರಿನಂತಿದೆ: ಕೆಳಗಿನ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೆ ಅದರದೇ ಹಗುರ ರೂಪ ಎಕ್ಸ್‌ಎಫ್‌ಸಿಇ ಸಾಕು.

ಕನ್ನಡದಲ್ಲಿ ಬರೆಯುವವರ ಮೊದಲ ಅನುಮಾನ ಕೀಲಿಮಣೆಯದು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ, ನುಡಿ ತಂತ್ರಾಂಶ ಬಳಸಿದವರ ಬೆರಳಿಗೆ ಕೂತಿರುವ ಕ-ಗ-ಪ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರಾಯಿತು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಸಿಗುತ್ತವೆ. ತೊಡಕಾಗುವುದು ಯೂನಿಕೋಡ್‌ಗೂ ಮೊದಲಿನ ನುಡಿ, ಬರಹ ತಂತ್ರಾಂಶಗಳ ಕಡತಗಳಲ್ಲಿ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟುಕೊಂಡಿದ್ದವು. ಅವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದುಕೊಳ್ಳಲೇಬೇಕು.

ವಿಂಡೋಸ್ ಬಿಡಲಾಗದವರೂ ಇದ್ದಾರೆ. ಲೆಕ್ಕಪತ್ರಕ್ಕೆ ಟ್ಯಾಲಿ, ವಿನ್ಯಾಸಕ್ಕೆ ಫೋಟೊಶಾಪ್ ಬೇಕಾದವರಿಗೆ ಲಿನಕ್ಸ್ ನೇರ ಉತ್ತರವಲ್ಲ. ಬೆರಳಚ್ಚು ಓದುವ ಕೆಲವು ಸಂವೇದಕಗಳು, ಕೆಲವು ವೈಫೈ ಚಿಪ್‌ಗಳು ಅದರಲ್ಲಿ ಈಗಲೂ ಮೊಂಡು ಹಿಡಿಯುತ್ತವೆ. ಆಟಗಳ ಮಾತು ಮಾತ್ರ ಬದಲಾಗಿದೆ: ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ವಿಂಡೋಸ್‌ನ ಸಾವಿರಾರು ಆಟಗಳನ್ನು ಲಿನಕ್ಸ್ ಮೇಲೆ ಆಡಿಸುತ್ತದೆ.

ಮುಚ್ಚಳದ ಕೆಳಗೆ

ಈಗ ಲೋಹದ ಬೀಗ. ‘ಲ್ಯಾಪ್‌ಟಾಪ್ ಸ್ಲೋ ಆಗಿದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ತಿರುಗುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ನಿಲ್ಲಲು ಹತ್ತು-ಹದಿನೈದು ಮಿಲಿಸೆಕೆಂಡ್ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅದೇ ಕೆಲಸ ಸುಮಾರು ನೂರು ಪಟ್ಟು ಬೇಗ ಮುಗಿಯುತ್ತದೆ. ಕೆಲವೇ ತಿರುಪು ಬಿಚ್ಚಿ ಡಿಸ್ಕ್ ಬದಲಿಸಿದರೆ ಎಸೆಯಬೇಕೆಂದಿದ್ದ ಯಂತ್ರಕ್ಕೆ ಮರುಹುಟ್ಟು ಸಿಗುತ್ತದೆ.

ಬ್ಯಾಟರಿ ಸವೆಯುವುದು ರಸಾಯನದ ನಿಯಮ. ಲಿಥಿಯಂ ಕೋಶದೊಳಗೆ ವಿದ್ಯುದ್ವಾರದ ಮೇಲೆ ತೆಳ್ಳನೆಯ ಪದರವೊಂದು ಕೂರುತ್ತ ಹೋಗುತ್ತದೆ, ಓಡಾಡಬೇಕಾದ ಲಿಥಿಯಂ ಅಲ್ಲೇ ಸಿಕ್ಕಿಬೀಳುತ್ತದೆ. ಕೆಲವು ನೂರು ಚಾರ್ಜುಗಳ ಬಳಿಕ ಬ್ಯಾಟರಿ ‘ನಿಲ್ಲಲ್ಲ’. ಸದಾ ಪ್ಲಗ್‌ನಲ್ಲೇ ಇರುವ ಯಂತ್ರವನ್ನು ಶೇ 80ಕ್ಕೆ ತಡೆದರೆ ಸವೆತ ತಗ್ಗುತ್ತದೆ. ಥಿಂಕ್‌ಪ್ಯಾಡ್‌ಗಳಲ್ಲಿ ಈ ಮಿತಿಯನ್ನು ಲಿನಕ್ಸ್‌ನಿಂದಲೇ ಹಾಕಬಹುದು. ಟಿ470, ಟಿ480ರಲ್ಲಿ ಒಳಗೊಂದು, ಹೊರಗೊಂದು ಬ್ಯಾಟರಿ. ಹೊರಗಿನದನ್ನು ಕಳಚಿ ಬೇರೆಯದು ಸಿಕ್ಕಿಸುವಷ್ಟು ಹೊತ್ತು ಒಳಗಿನದು ಯಂತ್ರವನ್ನು ಆರದಂತೆ ಕಾಯುತ್ತದೆ. ಬಿಚ್ಚುವ ಕ್ರಮವನ್ನು ಚಿತ್ರಸಮೇತ ತೋರಿಸುವ ಕೈಪಿಡಿಯನ್ನೂ ಅವುಗಳ ತಯಾರಕ ಕಂಪನಿ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ.

ಇದಕ್ಕೆ ಇನ್ನೊಂದು ತುದಿಯಾಗಿ ಮೈಕ್ರೋಸಾಫ್ಟ್ ಕಂಪನಿಯ 2017ರ ಸರ್ಫೇಸ್ ಲ್ಯಾಪ್‌ಟಾಪ್ ಇತ್ತು. ಬಟ್ಟೆಯಂಥ ಹೊದಿಕೆಯನ್ನು ಹರಿಯದೆ ಅದರ ಒಳಗೆ ಕೈಹಾಕುವಂತಿರಲಿಲ್ಲ. ಯಂತ್ರಗಳನ್ನು ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತಕ್ಕೆ ಸೊನ್ನೆ ಕೊಟ್ಟಿತು. 2024ರ ಸರ್ಫೇಸ್ ಲ್ಯಾಪ್‌ಟಾಪ್‌ಗೆ ಅದೇ ಸಂಸ್ಥೆಯಿಂದ ಎಂಟು ಅಂಕ ಬಂತು. ಅದೇ ಕಂಪನಿ, ನಡುವೆ ಏಳೇ ವರ್ಷ. ರಿಪೇರಿಗೆ ಒಗ್ಗುವ ವಿನ್ಯಾಸ ಮನಸ್ಸಿದ್ದರೆ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಡುವೆ ಕಾನೂನೂ ಮಾತಾಡಿತ್ತು: 2021ರ ಜನವರಿಯಿಂದ ಫ್ರಾನ್ಸ್‌ನಲ್ಲಿ ಲ್ಯಾಪ್‌ಟಾಪ್ ಮಾರುವವರು ಅದರ ರಿಪೇರಿ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸಬೇಕಾಯಿತು. ಬಿಡಿಭಾಗದ ಬೆಲೆಯೂ ಆ ಅಂಕದಲ್ಲಿ ಸೇರುತ್ತದೆ. ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು.

ಈ ಹಕ್ಕನ್ನೇ ವ್ಯಾಪಾರವಾಗಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಫ್ರೇಮ್‌ವರ್ಕ್. ನೀರವ್ ಪಟೇಲ್ ಕಟ್ಟಿದ ಈ ಕಂಪನಿಯ ಮೊದಲ ಲ್ಯಾಪ್‌ಟಾಪ್ 2021ರಲ್ಲಿ ಹೊರಬಂತು. ಪೆಟ್ಟಿಗೆಯಲ್ಲೇ ಸ್ಕ್ರೂಡ್ರೈವರ್, ಒಳಗಿನ ಭಾಗಗಳ ಮೇಲೆ ಸ್ಕ್ಯಾನ್ ಮಾಡಿದರೆ ರಿಪೇರಿ ವಿವರ ತೋರಿಸುವ ಕ್ಯೂಆರ್ ಕೋಡ್, ಎಚ್‌ಡಿಎಂಐ ಬೇಕೋ ಯುಎಸ್‌ಬಿ ಬೇಕೋ ಎಂದು ಜಾರಿಸಿ ಸಿಕ್ಕಿಸುವ ಚಿಕ್ಕ ಕಾರ್ಡ್‌ಗಳು. ಐಫಿಕ್ಸಿಟ್ ಹತ್ತಕ್ಕೆ ಹತ್ತು ಕೊಟ್ಟಿತು. ದೊಡ್ಡ ಸಾಧನೆ ಆಮೇಲಿನದು. 2021ರ ಅದೇ ಕವಚಕ್ಕೆ 2023ರಲ್ಲಿ ಎಎಂಡಿ ಪ್ರೊಸೆಸರಿನ ಹೊಸ ಬೋರ್ಡ್ ಕೂಡಿಸಬಹುದಾಯಿತು. ಕಳಚಿದ ಹಳೆಯ ಬೋರ್ಡ್ ಕೂಡ ಕಸವಾಗದೆ, ಚಿಕ್ಕ ಪೆಟ್ಟಿಗೆಯಲ್ಲಿ ಕೂತು ಡೆಸ್ಕ್‌ಟಾಪ್ ಆಗುತ್ತದೆ.

ಬೆಸುಗೆ ಹಾಕುವುದೆಲ್ಲ ದುರಾಸೆಯಿಂದಲೇ ಎಂದರೆ ಅನ್ಯಾಯವಾದೀತು. ರ‍್ಯಾಮ್ ವೇಗ ಹೆಚ್ಚಿದಂತೆ ಸಂಕೇತ ಸಾಗುವ ತಂತಿ ಗಿಡ್ಡವಾಗಿರಬೇಕು. ಸಾಕೆಟ್ಟಿನಲ್ಲಿ ನಿಂತ ರ‍್ಯಾಮ್ ಕಡ್ಡಿಯ ದಾರಿ ಉದ್ದವಾಗಿ ಸಂಕೇತ ಮಸುಕಾಗುತ್ತದೆ. 2025ರಲ್ಲಿ ಫ್ರೇಮ್‌ವರ್ಕ್ ಕೂಡ ತನ್ನ ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮನ್ನು ಬೆಸೆಯಬೇಕಾಯಿತು. ದಾರಿ ಇಲ್ಲವೆಂದಲ್ಲ. 2023ರ ಕೊನೆಗೆ ಮಾನಕವಾದ ಕ್ಯಾಮ್2 ಎಂಬ ರ‍್ಯಾಮ್ ಬೋರ್ಡಿನ ಮೇಲೆ ಚಪ್ಪಟೆಯಾಗಿ ಒತ್ತಿ ಕೂರುತ್ತದೆ, ತಿರುಪಿನಿಂದ ಬಿಗಿಯುತ್ತದೆ. ಹಾದಿಯೂ ಗಿಡ್ಡ, ಬಿಚ್ಚಲೂ ಬರುತ್ತದೆ.

ರಿಪೇರಿಯಾಗದ್ದು ಕೊನೆಗೆ ಸೇರುವುದು ಕಸಕ್ಕೆ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಮರುಬಳಕೆಯಾಗಿದೆಯೆಂದು ದಾಖಲಾದದ್ದು ಶೇ 22.3 ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟು ಅಂಗಡಿಗಳಲ್ಲಿ ಹಳೆಯ ಯಂತ್ರಗಳಿಗೆ ಕೀಲಿಮಣೆ, ರ‍್ಯಾಮ್, ಅಡಾಪ್ಟರ್ ಹೊಂದಿಸಿಕೊಡುವವರು ಆ ರಾಶಿಗೆ ಸೇರಬೇಕಾದದ್ದನ್ನು ದಿನವೂ ತಡೆಯುತ್ತಿದ್ದಾರೆ.

ಅಂಥ ಅಂಗಡಿಗೆ ಹಳೆಯ ಟಿ470 ಅಥವಾ ಟಿ480 ಹುಡುಕಿಕೊಂಡು ಹೋಗುವವರು ಜೇಬಿನಲ್ಲೊಂದು ಮಿಂಟ್ ಹಾಕಿದ ಪೆನ್ ಡ್ರೈವ್ ಇಟ್ಟುಕೊಂಡರೆ ಸಾಕು. ಅದರಿಂದಲೇ ಸಿಸ್ಟಮ್ ಎದ್ದು ರ‍್ಯಾಮಿನಲ್ಲಿ ಓಡುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. ಕೌಂಟರಿನ ಮುಂದೆಯೇ ವೈಫೈ ಹಚ್ಚಿ, ಹಾಡು ಕೇಳಿ, ಒಂದೊಂದೇ ಕೀಲಿ ಒತ್ತಿ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರವಾಗುತ್ತದೆಯೇ ಎಂದು ನೋಡಬಹುದು. ಕೊನೆಗೆ ವಿದ್ಯುತ್ ಮಾಹಿತಿಯ ಕಿಟಕಿ ತೆರೆದರೆ ಬ್ಯಾಟರಿ ಹೊಸದಿದ್ದಾಗ ಎಷ್ಟು ವಾಟ್-ಗಂಟೆ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳು ಒಂದರ ಕೆಳಗೊಂದು ಕಾಣುತ್ತವೆ. ಬೆಲೆಯ ಚೌಕಾಸಿಯನ್ನು ಆ ಎರಡರ ಅಂತರದಿಂದ ಶುರುಮಾಡಬಹುದು.