ನಿತ್ಯದ ಓಡಾಟಕ್ಕೆ ನಲವತ್ತು ವರ್ಷದ ಪೋರ್ಷೆ

ಹಳೆಯ ಸ್ಪೋರ್ಟ್ಸ್ ಕಾರು ಎಂದರೆ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ, ಬಿಸಿಲು ಚೆನ್ನಾಗಿದ್ದ ಭಾನುವಾರ ಮಾತ್ರ ಹೊರಬರುವ ಗಾಡಿ ಎಂದು ತಿಳಿದವರೇ ಹೆಚ್ಚು. ಪೋರ್ಷೆ 944ರ ಮಾಲೀಕರಲ್ಲಿ ಒಂದು ವರ್ಗ ಇದನ್ನು ಒಪ್ಪುವುದಿಲ್ಲ. ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿ ಇಂದಿಗೂ ಈ ಕಾರಿನಲ್ಲಿ ಕಚೇರಿಗೆ ಹೋಗುವವರಿದ್ದಾರೆ, ವಾರದ ದಿನಸಿ ತರುವವರಿದ್ದಾರೆ. ಕೊನೆಯ 944 ತಯಾರಾದದ್ದು 1991ರಲ್ಲಿ. ಅಂದರೆ ರಸ್ತೆಯಲ್ಲಿರುವ ಪ್ರತಿ 944ಕ್ಕೂ ಈಗ ಮೂವತ್ತು ವರ್ಷ ಮೀರಿದೆ. ಅಂಥ ಗಾಡಿ ಮಳೆ, ಟ್ರಾಫಿಕ್, ಸಿಗ್ನಲ್ಲು ಎಲ್ಲವನ್ನೂ ತಾಳಿಕೊಂಡು ದಿನವೂ ಓಡುತ್ತದೆ ಎಂದರೆ ಅದಕ್ಕೆ ಅರ್ಧ ಕಾರಣ ಅದನ್ನು ಕಟ್ಟಿದ ಎಂಜಿನಿಯರುಗಳು. ಉಳಿದರ್ಧ, ಹಣವನ್ನು ಎಲ್ಲಿ ಹಾಕಬೇಕು ಎಂದು ತಿಳಿದ ಮಾಲೀಕರು.

ಮೊದಲು ಎಂಜಿನಿಯರುಗಳ ಕೆಲಸ ನೋಡೋಣ. ಪೋರ್ಷೆಯ ದೊಡ್ಡ ಕಾರು 928ರಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ ಇತ್ತು. ಅದೇ ವಿನ್ಯಾಸದ ಒಂದು ಪಕ್ಕವನ್ನು ಆಧಾರವಾಗಿಟ್ಟುಕೊಂಡು 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ರೂಪಿಸಿದರು. ಇಷ್ಟು ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ ಸಹಜವಾಗಿಯೇ ನಡುಗುತ್ತದೆ. ಆ ನಡುಕ ತಗ್ಗಿಸಲು ಕ್ರ್ಯಾಂಕ್ ಶಾಫ್ಟಿನ ಎರಡರಷ್ಟು ವೇಗದಲ್ಲಿ ತಿರುಗುವ ಎರಡು ಬ್ಯಾಲೆನ್ಸ್ ಶಾಫ್ಟುಗಳನ್ನು ಜೋಡಿಸಿದರು. ಆ ತಂತ್ರದ ಹಕ್ಕು ಜಪಾನಿನ ಮಿತ್ಸುಬಿಷಿಯ ಕೈಯಲ್ಲಿತ್ತು, ಪೋರ್ಷೆ ಅದಕ್ಕೆ ಪರವಾನಗಿ ಪಡೆಯಿತು. ಎಂಜಿನ್ ಮುಂದಿದ್ದರೆ ಗೇರ್ ಬಾಕ್ಸ್ ಹಿಂದಿನ ಚಕ್ರಗಳ ನಡುವೆ ಇದೆ. ಎರಡನ್ನೂ ಒಂದು ಉದ್ದನೆಯ ಕೊಳವೆ ಬೆಸೆಯುತ್ತದೆ, ಅದರೊಳಗೆ ತೆಳುವಾದ ಶಾಫ್ಟ್ ತಿರುಗುತ್ತದೆ. ಹೀಗೆ ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸರಿಪಾಲಾಗಿ ಹಂಚಿಹೋಗುವುದರಿಂದ ತಿರುವಿನಲ್ಲಿ ಕಾರು ಸುಲಭವಾಗಿ ಹಿಡಿತ ಬಿಡುವುದಿಲ್ಲ. ಉಕ್ಕಿನ ಮೈಗೆ ಸತುವಿನ ಲೇಪನ ಕೊಟ್ಟದ್ದೂ ಮುಖ್ಯ ಸಂಗತಿ. ಆ ಕಾಲದ ಎಷ್ಟೋ ಕಾರುಗಳು ಯುರೋಪಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿದು ಗುಜರಿ ಸೇರಿದವು, 944ಗಳು ಉಳಿದುಕೊಂಡವು.

ಮಾರುಕಟ್ಟೆಗೆ ಬರುವ ಮುನ್ನವೇ ಈ ಎಂಜಿನ್ ಕುಟುಂಬದ ಪರೀಕ್ಷೆಯೂ ನಡೆದಿತ್ತು. 1981ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ವಾಲ್ಟರ್ ರೋರ್ಲ್ ಮತ್ತು ಯೂರ್ಗನ್ ಬಾರ್ಟ್ ಓಡಿಸಿದ ಟರ್ಬೊ ಮಾದರಿ ಒಟ್ಟಾರೆ ಏಳನೇ ಸ್ಥಾನ ಪಡೆಯಿತು. ಮರುವರ್ಷ ಗ್ರಾಹಕರ ಕೈ ಸೇರಿದ 944ರ ಯುರೋಪಿನ ಆವೃತ್ತಿಗೆ 163 ಅಶ್ವಶಕ್ತಿ ಇತ್ತು. 1985ರಲ್ಲಿ 220 ಅಶ್ವಶಕ್ತಿಯ ಟರ್ಬೊ ಬಂತು. 1989ರ ಎಸ್2 ಮಾದರಿಯಲ್ಲಿ ಎಂಜಿನ್ ಮೂರು ಲೀಟರಿಗೆ ಬೆಳೆದು 211 ಅಶ್ವಶಕ್ತಿ ಮುಟ್ಟಿತು. ಎಲ್ಲ ಆವೃತ್ತಿಗಳೂ ಸೇರಿ 1.63 ಲಕ್ಷದಷ್ಟು ಕಾರುಗಳು ತಯಾರಾದವು. ಅವುಗಳಲ್ಲಿ ಬಹುಪಾಲು ನೆಕರ್ಸುಲ್ಮ್ ಪಟ್ಟಣದ ಔಡಿ ಕಾರ್ಖಾನೆಯಿಂದ ಹೊರಬಂದವು.

ಔಡಿ ಕಾರ್ಖಾನೆ ಎಂಬ ಈ ವಿವರವೇ ಬಹುಕಾಲ 944ರ ಬೆಲೆಯನ್ನು ಕೆಳಗಿಟ್ಟಿತು. ಪೋರ್ಷೆ ಎಂದರೆ ಹಿಂಬದಿ ಎಂಜಿನ್ನಿನ 911 ಮಾತ್ರ ಎಂದು ನಂಬಿದ ಅಭಿಮಾನಿಗಳು ಇದನ್ನು ಮನೆಯ ಮಗು ಎಂದು ಒಪ್ಪಲೇ ಇಲ್ಲ. ಹಾಗಾಗಿ 911ರ ಬೆಲೆಯ ಒಂದು ಪಾಲಿಗೆ 944 ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಎಡವಟ್ಟು ಶುರುವಾಗುವುದೂ ಇಲ್ಲೇ. ಕೊಳ್ಳುವ ಬೆಲೆ ಇಳಿದಿದೆಯೇ ಹೊರತು ಬಿಡಿಭಾಗದ ಬೆಲೆಯೂ ಮೆಕ್ಯಾನಿಕ್ಕಿನ ಕೂಲಿಯೂ ಇಳಿದಿಲ್ಲ. ಅಗ್ಗ ಎಂದು ಕೊಂಡವರು ರಿಪೇರಿ ಮುಂದೂಡಿದರು, ರಿಪೇರಿ ಮುಂದೂಡಿದ ಗಾಡಿಗಳು ಮತ್ತಷ್ಟು ಅಗ್ಗವಾಗಿ ಕೈ ಬದಲಾದವು. ಇಂದು ಮಾರಾಟಕ್ಕಿರುವ 944ಗಳಲ್ಲಿ ಒಳ್ಳೆಯದನ್ನು ಆರಿಸುವುದು ಎಂದರೆ ಹಿಂದಿನ ಮಾಲೀಕರ ಬಿಲ್ಲುಗಳನ್ನು ಓದುವುದೇ ಆಗಿದೆ. ಮೀಟರನ್ನಂತೂ ನಂಬುವಂತಿಲ್ಲ. ಕಿಲೋಮೀಟರ್ ಎಣಿಸುವ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಕಾಲಕ್ರಮದಲ್ಲಿ ಪುಡಿಯಾಗುತ್ತದೆ. ಸ್ಪೀಡೋಮೀಟರ್ ಮುಳ್ಳು ಸರಿಯಾಗಿಯೇ ಆಡುತ್ತಿರುತ್ತದೆ, ಓಡಿದ ದೂರದ ಲೆಕ್ಕ ಮಾತ್ರ ವರ್ಷಗಟ್ಟಲೆ ನಿಂತಲ್ಲೇ ನಿಂತಿರುತ್ತದೆ.

ಬಿಲ್ಲುಗಳಲ್ಲಿ ಮೊದಲು ಹುಡುಕಬೇಕಾದ್ದು ಟೈಮಿಂಗ್ ಬೆಲ್ಟಿನದು. ಎಂಜಿನ್ನಿನ ಮೇಲ್ಭಾಗದ ವಾಲ್ವುಗಳೂ ಕೆಳಗಿನ ಪಿಸ್ಟನ್ನುಗಳೂ ಒಂದೇ ಜಾಗದಲ್ಲಿ ಸರದಿಯ ಮೇಲೆ ಓಡಾಡುತ್ತವೆ. ಆ ಸರದಿ ತಪ್ಪದಂತೆ ನೋಡಿಕೊಳ್ಳುವುದು ರಬ್ಬರಿನ ಈ ಹಲ್ಲುಪಟ್ಟಿ. ಅದು ಹರಿದರೆ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ, ವಾಲ್ವುಗಳು ಬಾಗುತ್ತವೆ, ಸಿಲಿಂಡರ್ ಹೆಡ್ ಬಿಚ್ಚಬೇಕಾಗುತ್ತದೆ. ಬ್ಯಾಲೆನ್ಸ್ ಶಾಫ್ಟುಗಳಿಗೆ ಇನ್ನೊಂದು ಬೆಲ್ಟಿದೆ. ಅದು ಹರಿದು ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡರೂ ಪರಿಣಾಮ ಅದೇ. ಸುಮಾರು 48,000 ಕಿಲೋಮೀಟರ್ ಅಥವಾ ನಾಲ್ಕು ವರ್ಷ, ಯಾವುದು ಮೊದಲೋ ಅದಕ್ಕೆ ಬೆಲ್ಟ್ ಬದಲಿಸುವುದು ಅನುಭವಿಗಳ ರೂಢಿ. ಕಡಿಮೆ ಓಡಿದ ಗಾಡಿಗೂ ಈ ನಿಯಮ ಸಲ್ಲುತ್ತದೆ, ಏಕೆಂದರೆ ರಬ್ಬರ್ ನಿಂತಲ್ಲೂ ಹಳತಾಗುತ್ತದೆ. ವಾಟರ್ ಪಂಪನ್ನು ತಿರುಗಿಸುವುದೂ ಟೈಮಿಂಗ್ ಬೆಲ್ಟೇ. ಆದ್ದರಿಂದ ಒಮ್ಮೆ ಮುಂಭಾಗ ಬಿಚ್ಚಿದ ಮೇಲೆ ಪಂಪು, ರೋಲರುಗಳು, ಆಯಿಲ್ ಸೀಲುಗಳು ಎಲ್ಲವನ್ನೂ ಒಟ್ಟಿಗೆ ಮುಗಿಸುವುದು ಜಾಣತನ. ಹಳೆಯ ಸೀಲಿನಿಂದ ಒಸರುವ ಆಯಿಲ್ ಹೊಸ ಬೆಲ್ಟಿನ ಆಯುಸ್ಸನ್ನೂ ತಿನ್ನುತ್ತದೆ.

ಎರಡನೆಯದು ಕ್ಲಚ್. ಸಾಮಾನ್ಯ ಕಾರಿನಲ್ಲಿ ಗೇರ್ ಬಾಕ್ಸ್ ಇಳಿಸಿದರೆ ಕ್ಲಚ್ ಪ್ಲೇಟ್ ಕೈಗೆ ಸಿಗುತ್ತದೆ. 944ರಲ್ಲಿ ಕ್ಲಚ್ ಮುಂದೆ, ಗೇರ್ ಬಾಕ್ಸ್ ಹಿಂದೆ. ಸೈಲೆನ್ಸರ್ ಕೊಳವೆ ತೆಗೆದು, ಹಿಂದಿನ ಗೇರ್ ಬಾಕ್ಸ್ ಇಳಿಸಿ, ನಡುವಿನ ಉದ್ದ ಕೊಳವೆಯನ್ನು ಹಿಂದಕ್ಕೆ ಸರಿಸಿದ ಮೇಲೆಯೇ ಕ್ಲಚ್ಚಿನ ದರ್ಶನ. ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚಾಗುವ ಕೆಲಸ ಇದು. ಮೂಲ ಕ್ಲಚ್ ಪ್ಲೇಟಿನ ನಡುವೆ ರಬ್ಬರ್ ಇತ್ತು. ವಯಸ್ಸಾದಂತೆ ಅದು ತುಂಡಾಗಿ, ಮುನ್ಸೂಚನೆಯಿಲ್ಲದೆ ಗಾಡಿ ನಿಂತುಬಿಡುತ್ತದೆ. ಬದಲಿಸುವಾಗ ಸ್ಪ್ರಿಂಗ್ ಇರುವ ಪ್ಲೇಟ್ ಹಾಕಿಸಿಕೊಂಡರೆ ಆ ಚಿಂತೆ ಮುಗಿಯಿತು. ನಿತ್ಯದ ಓಡಾಟಕ್ಕೆ ಬೇಕಾದ ಸುಧಾರಣೆ ಎಂದರೆ ಇಂಥದ್ದು. ನೋಡುವವರ ಕಣ್ಣಿಗೆ ಕಾಣದು, ಆದರೆ ಸೋಮವಾರ ಬೆಳಿಗ್ಗೆ ಗಾಡಿ ಹೊರಡುತ್ತದೆ.

ಇನ್ನೂ ಸಣ್ಣ, ಇನ್ನೂ ಅಗ್ಗದ ಉದಾಹರಣೆ ಬೇಕೆಂದರೆ ಒಂದು ರಿಲೇ ಇದೆ. 944ರ ಇಂಧನ ಮತ್ತು ಕಿಡಿ ಎರಡನ್ನೂ ನಿಯಂತ್ರಿಸುವುದು ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ. ಪೋರ್ಷೆ ಅದನ್ನು ಡಿಎಂಇ ಎಂದು ಕರೆಯುತ್ತದೆ. ಈ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ವಿದ್ಯುತ್ ಕೊಡುವ ರಿಲೇಯೊಳಗಿನ ಬೆಸುಗೆ ಬಿಸಿಲು, ನಡುಕಗಳಿಗೆ ಬಿರುಕು ಬಿಡುತ್ತದೆ. ಆಮೇಲೆ ಕಾರು ಸ್ಟಾರ್ಟ್ ಆಗುವುದಿಲ್ಲ, ತಣ್ಣಗಾದರೆ ಮತ್ತೆ ಆಗುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ. ಅನುಭವಿ ಮಾಲೀಕರ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಈ ರಿಲೇ ಇನ್ನೊಂದು ಯಾವಾಗಲೂ ಇರುತ್ತದೆ.

ಪೆಟ್ರೋಲ್ ಸಾಗಿಸುವ ರಬ್ಬರ್ ಕೊಳವೆಗಳ ವಿಷಯದಲ್ಲಿ ರಾಜಿಯೇ ಇಲ್ಲ. ಬಿಸಿ ಎಂಜಿನ್ನಿನ ಮೇಲೆ ಹಾದುಹೋಗುವ ಹಳೆಯ ಕೊಳವೆ ಗಡುಸಾಗಿ ಬಿರಿದರೆ ಬೆಂಕಿ ಹೊತ್ತುತ್ತದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ರಬ್ಬರನ್ನು ಇನ್ನೂ ಬೇಗ ಹಾಳುಮಾಡುತ್ತದೆ. ಬ್ಯಾಟರಿ ಕೂರುವ ತಟ್ಟೆಯನ್ನೂ ನೋಡಬೇಕು. ಸತು ಲೇಪಿಸಿದ ಮೈಯನ್ನೂ ಬ್ಯಾಟರಿಯ ಆಮ್ಲ ತೂತು ಮಾಡುತ್ತದೆ, ಆ ತೂತಿನಿಂದ ಮಳೆನೀರು ಕಾರಿನೊಳಗೆ ಇಳಿಯುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಅಪ್‌ಗ್ರೇಡಿನ ಮಾತು. ಹೊಸದಾಗಿ ಕೊಂಡವರಲ್ಲಿ ಹಲವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬೆಲ್ಟ್ ಯಾವಾಗ ಬದಲಾಯಿತೆಂದು ಗೊತ್ತಿಲ್ಲದ ಗಾಡಿಗೆ ದೊಡ್ಡ ಚಕ್ರ, ಗದ್ದಲದ ಸೈಲೆನ್ಸರ್ ಹಾಕಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಟರ್ಬೊ ಇಲ್ಲದ 944ರಲ್ಲಿ ಏರ್ ಫಿಲ್ಟರ್, ಕಂಪ್ಯೂಟರ್ ಚಿಪ್‌ಗಳಿಂದ ಸಿಗುವ ಹೆಚ್ಚುವರಿ ಶಕ್ತಿ ಕೈಗೆ ತಿಳಿಯುವಷ್ಟೂ ಇರುವುದಿಲ್ಲ. ಶಕ್ತಿಯೇ ಬೇಕಾದವರು ಮೊದಲೇ ಟರ್ಬೊ ಅಥವಾ ಎಸ್2 ಕೊಳ್ಳುವುದು ಒಟ್ಟು ಲೆಕ್ಕದಲ್ಲಿ ಅಗ್ಗ.

ಹಣಕ್ಕೆ ತಕ್ಕ ಫಲ ಕೊಡುವುದು ಬೇರೆ ಕೆಲಸಗಳು. ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಹೋಸು, ಬಿಲ್‌ಸ್ಟೈನ್ ಅಥವಾ ಕೋನಿ ಶಾಕ್ ಅಬ್ಸಾರ್ಬರ್, ಎಲ್ಲ ಕಡೆ ಹೊಸ ಬುಷ್. ಸವೆದ ರಬ್ಬರ್ ಬುಷ್‌ಗಳನ್ನು ಬದಲಿಸಿದ 944ರಲ್ಲಿ ಸ್ಟೇರಿಂಗ್ ಮತ್ತೆ ನಿಖರವಾಗುತ್ತದೆ. ಕಾರು ಹೊಸದಾಗಿದ್ದಾಗ ಜನ ಮೆಚ್ಚಿದ್ದು ಈ ನಿಖರತೆಯನ್ನೇ. ಚಕ್ರ ಬದಲಿಸುವವರು ಒಂದು ವಿಷಯ ನೆನಪಿಡಬೇಕು. 1987ರ ಮಾದರಿಯಿಂದ ಚಕ್ರದ ಆಫ್‌ಸೆಟ್ ಬದಲಾಗಿದೆ, ಅದಕ್ಕೂ ಮೊದಲಿನ ಕಾರಿಗೆ ನಂತರದ ಚಕ್ರ ಹೊಂದುವುದಿಲ್ಲ. ಗಾಡಿಯನ್ನು ನೆಲಕ್ಕೆ ತಗ್ಗಿಸುವ ಆಸೆಯಂತೂ ಅಪಾಯಕಾರಿ. 1985ರ ನಡುವಿನ ನಂತರದ ಕಾರುಗಳಲ್ಲಿ ಮುಂದಿನ ಕಂಟ್ರೋಲ್ ಆರ್ಮುಗಳು ಅಲ್ಯೂಮಿನಿಯಮ್ಮಿನವು. ಗಾಡಿ ತಗ್ಗಿದರೆ ಅವುಗಳ ಬಾಲ್ ಜಾಯಿಂಟ್ ತಿರುಗುವ ಮಿತಿ ಮುಗಿದು ಒತ್ತಡ ಏರುತ್ತದೆ, ಓಡುತ್ತಿರುವಾಗಲೇ ಮುರಿದ ಪ್ರಸಂಗಗಳಿವೆ.

ಏಸಿ ಬೇಕೇ ಬೇಕು ಎನ್ನುವವರಿಗೆ ಇನ್ನೊಂದು ಖರ್ಚು ಕಾದಿದೆ. ಈ ಕಾರುಗಳಿಗೆ ಮೊದಲು ತುಂಬಿದ್ದು ಆರ್-12 ಅನಿಲ. ಓಝೋನ್ ಪದರಕ್ಕೆ ಹಾನಿ ಎಂದು ಮಾಂಟ್ರಿಯಲ್ ಒಪ್ಪಂದದಡಿ ಶ್ರೀಮಂತ ದೇಶಗಳು 1990ರ ದಶಕದ ಮಧ್ಯದಲ್ಲೇ ಅದರ ತಯಾರಿಕೆ ನಿಲ್ಲಿಸಿದವು. ಸೀಲುಗಳನ್ನೂ ಡ್ರೈಯರನ್ನೂ ಬದಲಿಸಿ ಆರ್-134ಎ ಅನಿಲಕ್ಕೆ ಒಗ್ಗಿಸಿಕೊಳ್ಳಬೇಕು.

ಆಯಾ ದೇಶದ ಕಾನೂನೂ ಅಪ್‌ಗ್ರೇಡಿಗೆ ಗಡಿ ಹಾಕುತ್ತದೆ. ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರಿಗೆ ‘ಎಚ್’ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ವರ್ಷಕ್ಕೆ 191.73 ಯೂರೊ ಸ್ಥಿರ ತೆರಿಗೆ, ನಗರಗಳ ಹೊಗೆ ನಿರ್ಬಂಧದ ವಲಯಕ್ಕೂ ಪ್ರವೇಶ. ಹೊಸ ಕಾಲದ ಅಲಂಕಾರ ಹೆಚ್ಚಾದರೆ ಆ ಸೌಲಭ್ಯ ಕೈತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚೆಗಿನ ಹಳೆಯ ಪೆಟ್ರೋಲ್ ಕಾರುಗಳು ಹೊಗೆ ಪರೀಕ್ಷೆ ದಾಟಬೇಕು, ಎಂಜಿನ್ನಿಗೆ ಹಾಕುವ ಹೊರಗಿನ ಭಾಗಗಳಿಗೆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಇರಬೇಕು. ಸ್ಯಾನ್ ಹೋಸೆ, ಫ್ರೀಮಾಂಟ್ ಸುತ್ತ ನೆಲೆಸಿದ ಕನ್ನಡಿಗರು ಇಂಥ ಕಾರು ಕೊಳ್ಳುವ ಮೊದಲು ಕೊನೆಯ ಹೊಗೆ ಪರೀಕ್ಷೆಯ ಚೀಟಿ ಕೇಳಿ ನೋಡಲೇಬೇಕು.

ಭಾರತದಲ್ಲಿ ದಾರಿ ಇನ್ನೂ ಕಿರಿದು. ಪೋರ್ಷೆ ಇಲ್ಲಿ ಅಧಿಕೃತವಾಗಿ ಅಂಗಡಿ ತೆರೆದದ್ದೇ 2000ದ ದಶಕದಲ್ಲಿ. ಮೂರು ವರ್ಷಕ್ಕಿಂತ ಹಳೆಯ ಸಾಮಾನ್ಯ ಕಾರನ್ನು ಆಮದು ಮಾಡಿಕೊಳ್ಳಲು ನಿಯಮ ಬಿಡುವುದಿಲ್ಲ. 2021ರ ವಿಂಟೇಜ್ ನಿಯಮ ಐವತ್ತು ವರ್ಷ ಮೀರಿದ ವಾಹನಗಳಿಗೆ ಅನ್ವಯಿಸುತ್ತದೆ, ಅವುಗಳ ನಿತ್ಯ ಬಳಕೆಗೂ ಅವಕಾಶವಿಲ್ಲ. ನೋಂದಣಿ ಪತ್ರದಲ್ಲಿ ಇರುವುದಕ್ಕಿಂತ ಭಿನ್ನವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗಿದ್ದರೂ ಕರ್ನಾಟಕದಲ್ಲಿ ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಫಿಟ್‌ನೆಸ್ ಪರೀಕ್ಷೆ ಮಾಡಿಸಿ, ಮರುನೋಂದಣಿ ಪಡೆದು ಓಡಿಸಲು ಸಾಧ್ಯವಿದೆ. ಕಾರು ಯಾವ ಕಂಪನಿಯದೇ ಇರಲಿ, ರಬ್ಬರ್, ಬೆಲ್ಟ್, ಬ್ರೇಕ್, ಬುಷ್ ಎಂಬ ಕ್ರಮ ಅದಕ್ಕೂ ಹೊಂದುತ್ತದೆ, ಮೂಲ ಅಳತೆಯ ಭಾಗಗಳನ್ನೇ ಹೊಸದಾಗಿ ಹಾಕಿಸುವುದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ.

944 ನಿತ್ಯದ ಕಾರಾಗಿ ಹೇಗೆ ಎಂದು ಕೇಳಿದರೆ, ಚೆನ್ನಾಗಿದೆ ಎಂದೇ ಹೇಳಬೇಕು. ಹಿಂದಿನ ಗಾಜಿನ ಬಾಗಿಲು ಎತ್ತಿದರೆ ಊರಿಗೆ ಹೋಗುವ ಸಾಮಾನು ಹಿಡಿಸುವಷ್ಟು ಜಾಗವಿದೆ. ಹಿಂದಿನ ಸೀಟು ಚಿಕ್ಕ ಮಕ್ಕಳಿಗೆ ಮಾತ್ರ. ಮೈಲೇಜ್ ಲೀಟರಿಗೆ ಹತ್ತು ಕಿಲೋಮೀಟರಿನ ಆಸುಪಾಸು. ಕೊಳ್ಳುವ ಮನಸ್ಸಿರುವವರು ಬಣ್ಣ, ಚಕ್ರ, ಸೀಟಿನ ಚರ್ಮ ನೋಡುವ ಮೊದಲು ಬೆಲ್ಟ್ ಬದಲಿಸಿದ ಬಿಲ್ ಕೇಳಲಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಮತ್ತು ವಾಟರ್ ಪಂಪಿನ ಪೂರ್ತಿ ಖರ್ಚನ್ನು ಬೆಲೆಯಲ್ಲಿ ಕಳೆಯಲಿ, ಗಾಡಿಯನ್ನು ಓಡಿಸಿಕೊಂಡು ಬರದೆ ಲಾರಿಯ ಮೇಲೆ ಹೇರಿಸಿ ನೇರವಾಗಿ ಗ್ಯಾರೇಜಿಗೆ ಸಾಗಿಸಲಿ.