ಮ್ಯಾಗಿ ನೂಡಲ್ಸ್ ಹಿಂಪಡೆತ (೨೦೧೫)

ಮ್ಯಾಗಿ ನೂಡಲ್ಸ್ ಹಿಂಪಡೆತವು ನೆಸ್ಲೆ ಇಂಡಿಯಾ ಕಂಪನಿಯು ತನ್ನ ದಿಢೀರ್ ನೂಡಲ್ಸ್ ಅನ್ನು ೨೦೧೫ರ ಜೂನ್ ತಿಂಗಳಲ್ಲಿ ಭಾರತದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದ ಪ್ರಕರಣವಾಗಿದೆ. ಆಹಾರ ಪರೀಕ್ಷೆಯ ವರದಿಯೊಂದು ಕಾನೂನಿನ ದೃಷ್ಟಿಯಲ್ಲಿ ಯಾವಾಗ ಊರ್ಜಿತವಾಗುತ್ತದೆ ಎಂಬ ಪ್ರಶ್ನೆಯನ್ನು ಇದು ಮುನ್ನೆಲೆಗೆ ತಂದಿತು.

ಹಿನ್ನೆಲೆ

ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಸಂಗ್ರಹಿಸಿದ ಮಾದರಿಯನ್ನು ಕೋಲ್ಕತ್ತದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಹತ್ತು ಲಕ್ಷಕ್ಕೆ ೧೭.೨ ಭಾಗ ಸೀಸ ಇರುವುದಾಗಿ ವರದಿಯಾಯಿತು. ಅನುಮತಿಸಿದ ಮಿತಿ ೨.೫ ಭಾಗ ಮಾತ್ರ. ಎಂಎಸ್‌ಜಿ ಸೇರಿಸಿಲ್ಲವೆಂದು ಪೊಟ್ಟಣದ ಮೇಲೆ ಮುದ್ರಿಸಿದ್ದರೂ ಮಾದರಿಯಲ್ಲಿ ಅದು ಪತ್ತೆಯಾಯಿತು. ಜೂನ್ ೫ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಒಂಬತ್ತು ಬಗೆಯ ಮ್ಯಾಗಿಯನ್ನು ಹಿಂಪಡೆಯಲು ಆದೇಶಿಸಿತು. ಹಿಂಪಡೆದ ಸಾವಿರಾರು ಟನ್ ಸರಕನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಲ್ಲಿ ಸುಡಲಾಯಿತು.

ಹೈಕೋರ್ಟ್ ತೀರ್ಪು

ಕಂಪನಿಯು ಆದೇಶವನ್ನು ಬಾಂಬೆ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಸಹಜ ನ್ಯಾಯದ ತತ್ವಗಳನ್ನು ಪಾಲಿಸಿಲ್ಲ, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ಅಗತ್ಯ ಮಾನ್ಯತೆಯಿಲ್ಲ ಎಂಬ ಕಾರಣಗಳಿಂದ ನ್ಯಾಯಾಲಯವು ಆಗಸ್ಟ್ ೧೩ರಂದು ಆದೇಶವನ್ನು ರದ್ದುಗೊಳಿಸಿತು. ಆದರೆ ಮಾರಾಟಕ್ಕೆ ಕೂಡಲೇ ಅನುಮತಿ ನೀಡದೆ, ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಸೂಚಿಸಿತು. ಈ ಪರೀಕ್ಷೆಗಳಲ್ಲಿ ಸೀಸದ ಪ್ರಮಾಣವು ಮಿತಿಯೊಳಗಿದ್ದುದರಿಂದ ನವೆಂಬರ್‌ನಲ್ಲಿ ಮಾರಾಟ ಪುನರಾರಂಭವಾಯಿತು.

ಗ್ರಾಹಕ ಮೊಕದ್ದಮೆ

ಕೇಂದ್ರ ಸರ್ಕಾರವು ಗ್ರಾಹಕರ ಪರವಾಗಿ ಸುಮಾರು ೬೪೦ ಕೋಟಿ ರೂಪಾಯಿ ಪರಿಹಾರ ಕೋರಿ ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಮೊಕದ್ದಮೆ ಹೂಡಿತು. ಅನುಚಿತ ವ್ಯಾಪಾರ ಪದ್ಧತಿ ಹಾಗೂ ದಾರಿತಪ್ಪಿಸುವ ಲೇಬಲ್ ಇದರ ಮುಖ್ಯ ಆರೋಪಗಳು. ಇದರ ಭಾಗವಾಗಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ ಮಾದರಿಗಳನ್ನು ಪರೀಕ್ಷಿಸಿತು. ಆ ವರದಿಯ ಆಧಾರದಲ್ಲಿ ವಿಚಾರಣೆ ಮುಂದುವರಿಸಲು ೨೦೧೯ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ೨೦೨೪ರ ಏಪ್ರಿಲ್‌ನಲ್ಲಿ ಆಯೋಗವು ಮೊಕದ್ದಮೆಯನ್ನು ವಜಾಗೊಳಿಸಿತು.