ಕೆರೆಯಂಗಳದ ಮುಂದಾಳು

ನವಲಗುಂದ, ಅಣ್ಣಿಗೇರಿ ಸೀಮೆಯ ಹಳ್ಳಿಗಳಲ್ಲಿ ಕೆರೆ ಎಂದರೆ ಮೊದಲು ಕುಡಿಯುವ ನೀರು, ಉಳಿದದ್ದು ಆಮೇಲೆ. ಎರೆಭೂಮಿಯ ಅಂತರ್ಜಲ ಉಪ್ಪು. ಬೋರು ಕೊರೆಸಿದರೂ ಆ ನೀರು ಬಾಯಿಗೆ ಬಾರದು. ಹಾಗಾಗಿ ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವುದು ಇಲ್ಲಿ ಊರಿನ ಜೀವದ ಕೆಲಸ. ಹೊತ್ತು ಏರುವ ಮುನ್ನವೇ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಉದ್ಯೋಗ ಖಾತ್ರಿ ಯೋಜನೆಯ ಕೆಲಸಕ್ಕೆ ಬರುವವರನ್ನು ನಡೆಸುವವರು ‘ಕಾಯಕ ಬಂಧು’. ಕೂಲಿಕಾರರ ನಡುವಿನಿಂದಲೇ ಬಂದ ಮುಂದಾಳು. ಅನೇಕ ಕಡೆ ಆ ಜಾಗದಲ್ಲಿ ಹೆಣ್ಣುಮಕ್ಕಳೇ ಇದ್ದಾರೆ. ಒಳ್ಳೆಯ ಮ್ಯಾನೇಜರ್ ಯಾರು ಎಂದು ತಿಳಿಯಬೇಕಾದವರು ಒಂದು ದಿನ ಇವರ ಕೆಲಸ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾಕೆಂದರೆ ಇಲ್ಲಿಯ ಲೆಕ್ಕ ಬಲು ಸೂಕ್ಷ್ಮ. ಕರ್ನಾಟಕದಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಕೆಲಸಕ್ಕೆ ಬಂದ ಮಾತ್ರಕ್ಕೆ ಅಷ್ಟೂ ಕೈಸೇರುವುದಿಲ್ಲ. ಗುಂಪು ಅಗೆದ ಮಣ್ಣನ್ನು ಅಳೆದು, ಅಳತೆ ಪುಸ್ತಕದಲ್ಲಿ ಬರೆದು, ಅದರ ಮೇಲೆ ಕೂಲಿ ಕಟ್ಟುತ್ತಾರೆ. ಗುಂಪಿನಲ್ಲಿ ಇಬ್ಬರು ಮೈಗಳ್ಳತನ ಮಾಡಿದರೆ ಉಳಿದವರ ಕೂಲಿಯೂ ಇಳಿಯುತ್ತದೆ. ಮುಂದಾಳು ಒಬ್ಬರಿಗೆ ತೋರುವ ದಾಕ್ಷಿಣ್ಯವನ್ನು ಇನ್ನೊಬ್ಬರು ಬೆವರಿನಲ್ಲಿ ತೀರಿಸಬೇಕು.

ಹಾಗೆಂದು ಎಲ್ಲರಿಗೂ ಒಂದೇ ಕೋಲು ಹಿಡಿಯಲಾಗದು. ಅರವತ್ತು ದಾಟಿದ ಅಜ್ಜಿಗೂ ಇಪ್ಪತ್ತೈದರ ಹುಡುಗನಿಗೂ ಒಂದೇ ಅಳತೆಯ ಗುಂಡಿ ಕೊಟ್ಟರೆ ಅದು ಅನ್ಯಾಯ. ಹಿರಿಯರಿಗೆ, ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿ ಇದೆ, ಕೂಲಿ ಮಾತ್ರ ಪೂರ್ತಿ. ಬಲ್ಲ ಕಾಯಕ ಬಂಧು ಇದನ್ನು ಅಳತೆಗೆ ಮೊದಲೇ ತಾಂತ್ರಿಕ ಸಹಾಯಕರ ಗಮನಕ್ಕೆ ತರುತ್ತಾಳೆ. ಹೀಗೆ ಮಾಡಿದರೆ ಅಜ್ಜಿಯ ಭಾರ ಗುಂಪಿನ ಮೇಲೆ ಬೀಳುವುದಿಲ್ಲ. ಅಗೆಯುವ ಕೈ ಬಲವಾಗಿದ್ದಲ್ಲಿ ಹೊರುವವರನ್ನು ಹೆಚ್ಚು ಹಾಕುತ್ತಾಳೆ. ಗುದ್ದಲಿ ಹಿಡಿದವರು ದಣಿದರೆ ಪಾಳಿ ಬದಲಿಸುತ್ತಾಳೆ. ಹಗ್ಗ ಹಿಡಿದು ಗೂಟ ಬಡಿದು ಗುರುತು ಹಾಕಿಸುತ್ತಾಳೆ, ಆಳಕ್ಕೆ ಸಾಕ್ಷಿಯಾಗಿ ನಡುವೆ ಬಿಟ್ಟ ಮಣ್ಣಿನ ದಿಬ್ಬವನ್ನು ಅಳತೆ ಮುಗಿಯುವವರೆಗೆ ಯಾರೂ ಕೆಡವದಂತೆ ಕಾಯುತ್ತಾಳೆ. ಆ ದಿಬ್ಬ ಬಿದ್ದರೆ ದುಡಿದದ್ದಕ್ಕೆ ಪುರಾವೆಯೇ ಇಲ್ಲ.

ಮಣ್ಣಿನ ಗುಣವೂ ಗೊತ್ತಿರಬೇಕು. ನವಲಗುಂದದ ಎರೆ ಒದ್ದೆಯಾದರೆ ಬುಟ್ಟಿಗೆ ಅಂಟುತ್ತದೆ, ಒಣಗಿದರೆ ಬಿರಿದು ಹೆಂಟೆಯಾಗುತ್ತದೆ. ಮಲೆನಾಡಿನ ಸೆರಗಿನ ಕಲಘಟಗಿಯ ಗಟ್ಟಿ ಕೆಂಪು ನೆಲದಲ್ಲಿ ಕಂದಕ ತೋಡುವ ಕಷ್ಟವೇ ಬೇರೆ. ಇಂಥಲ್ಲಿ ನೆಲದ ವರ್ಗವನ್ನು ಸರಿಯಾಗಿ ಬರೆಸದಿದ್ದರೆ ದುಡಿದಷ್ಟು ಕೂಲಿ ಹುಟ್ಟುವುದಿಲ್ಲ. ಎಂಜಿನಿಯರ್ ಮುಂದೆ ನಿಂತು ‘ಇದು ಗಟ್ಟಿ ನೆಲಾರೀ’ ಎಂದು ಹೇಳುವ ಎದೆಗಾರಿಕೆ ಮುಂದಾಳಿಗೆ ಬೇಕು.

ಕಾಗದದ ಕೆಲಸವೂ ಕಮ್ಮಿಯಲ್ಲ. ಕೆಲಸ ಬೇಡುವ ನಮೂನೆ-6 ಕೊಟ್ಟಾಗ ದಿನಾಂಕ ಬರೆದ ಸ್ವೀಕೃತಿ ಪಡೆಯಲೇಬೇಕು. ಉದ್ಯೋಗ ಖಾತ್ರಿ ಕಾಯ್ದೆ ಪ್ರಕಾರ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಬಹುದು, ಆ ಚೀಟಿ ಇಲ್ಲದಿದ್ದರೆ ಯಾವ ದಿನದಿಂದ ಎಣಿಸುವುದು? ಕೆಲಸದ ಜಾಗದಲ್ಲಿ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಕೂಲಿ ಕೊಟ್ಟು ನೇಮಿಸಬೇಕು. ನೆರಳು, ಕುಡಿಯುವ ನೀರು, ಔಷಧಿ ಪೆಟ್ಟಿಗೆ ಇರಬೇಕು. ಇವೆಲ್ಲ ಕಾಯ್ದೆಯಲ್ಲಿವೆ. ಕೇಳಿ ತರುವವರಿದ್ದರೆ ಮಾತ್ರ ಕೆರೆಯಂಗಳಕ್ಕೆ ಬರುತ್ತವೆ.

2023ರ ಜನವರಿಯಿಂದ ಮೊಬೈಲ್ ಹಾಜರಿ ಕಡ್ಡಾಯವಾಯಿತು. ಎನ್‌ಎಂಎಂಎಸ್ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೊ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್ ಎತ್ತಿ ಹಿಡಿದು ಏರಿಯ ಮೇಲೆ ಓಡಾಡಬೇಕು. ಫೋಟೊ ಹೋಗದಿದ್ದರೆ ಆ ದಿನದ ಅನ್ನಕ್ಕೇ ಕುತ್ತು. ಇದರ ಜೊತೆಗೆ, ಫೋಟೊದ ಫೋಟೊ ತೆಗೆದು ಸುಳ್ಳು ಹಾಜರಿ ಹಾಕುವವರೂ ಹುಟ್ಟಿಕೊಂಡರು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಇದನ್ನು ಒಪ್ಪಿಕೊಂಡಿತು. ಆ್ಯಪ್ ಬಂದ ಮಾತ್ರಕ್ಕೆ ಪ್ರಾಮಾಣಿಕತೆ ಬರಲಿಲ್ಲ. ಕೆಲಸಕ್ಕೆ ಬಾರದ ಪ್ರಭಾವಿಯ ಹೆಸರನ್ನು ಹಾಜರಿಯಲ್ಲಿ ಸೇರಿಸಲು ಒಲ್ಲೆ ಎನ್ನುವ ಮುಂದಾಳನ್ನೇ ಗುಂಪು ನಂಬುತ್ತದೆ. ನಂಬಿಕೆ ಇದ್ದಲ್ಲಿ ಬೈಗುಳವಿಲ್ಲದೆ ಕೆಲಸ ಸಾಗುತ್ತದೆ.

2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿದೆ, 100 ದಿನದ ಖಾತ್ರಿಯನ್ನು 125ಕ್ಕೆ ಏರಿಸಿದೆ. ಹೆಸರು ಏನೇ ಇರಲಿ, ಹೂಳು ಹೊರುವವರು ಅವರೇ, ಅವರನ್ನು ನಡೆಸಲು ಒಬ್ಬರು ಬೇಕೇ ಬೇಕು. ಪಂಚಾಯಿತಿಯವರಲ್ಲಿ ನನ್ನ ಮನವಿ ಇಷ್ಟೇ: ಆ ಒಬ್ಬರನ್ನು ಸದಸ್ಯರ ಶಿಫಾರಸಿನ ಮೇಲೆ ಆರಿಸಬೇಡಿ, ಗುದ್ದಲಿ ಹಿಡಿದವರನ್ನು ಕೇಳಿ ಆರಿಸಿ. ಅವರಿಗೆ ಸಲ್ಲಬೇಕಾದ ಪ್ರೋತ್ಸಾಹಧನವನ್ನು ತಡಮಾಡದೆ ಕೊಡಿ.